ಎರಡು ಕಡ್ಡಿಯ ಲೋಲಕ

ಪ್ರೀತಿಯ ಅಪ್ಪಾ, ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಮೊನ್ನೆ ಫೋನಿನಲ್ಲಿ ನೀವು ಕೇಳಿದ್ದು ತಲೆಯಲ್ಲೇ ಕೂತಿದೆ. "ಎಲ್ಲವೂ ಫಿಸಿಕ್ಸ್ ನಿಯಮದ ಪ್ರಕಾರವೇ ನಡೆಯುತ್ತೆ ಅಂದ್ರೆ, ನಾಳೆ ಆಗೋದನ್ನ ಇವತ್ತೇ ಲೆಕ್ಕ ಹಾಕಬಹುದು ಅಲ್ವಾ?" ಅವತ್ತು ಸರಿಯಾಗಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

1814ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಹೇಳಿದ್ದೂ ಇದನ್ನೇ. ಈ ಕ್ಷಣ ಪ್ರತಿಯೊಂದು ಕಣ ಎಲ್ಲಿದೆ, ಅದರ ಮೇಲೆ ಯಾವ ಬಲ ಬೀಳುತ್ತಿದೆ ಅಂತ ಪೂರ್ತಿ ತಿಳಿದ ಬುದ್ಧಿಯೊಂದು ಇದ್ದರೆ, ಅದಕ್ಕೆ ಹಿಂದಿನದೂ ಮುಂದಿನದೂ ಕಣ್ಣೆದುರೇ ಇರುತ್ತದೆ ಅಂತ. ಹ್ಯಾಲಿ ಧೂಮಕೇತು 2061ರಲ್ಲಿ ಬರುತ್ತದೆ ಅಂತ ನಮಗೆ ಈಗಲೇ ಗೊತ್ತಲ್ಲ, ಹಾಗೆ.

ಆದರೆ ನಮ್ಮ ಲ್ಯಾಬಿನಲ್ಲಿ ಒಂದು ಲೋಲಕ ಇದೆ ಅಪ್ಪಾ. ಒಂದು ಕಡ್ಡಿಯ ತುದಿಗೆ ಇನ್ನೊಂದು ಕಡ್ಡಿ, ನಡುವೆ ಬೇರಿಂಗ್, ಅಷ್ಟೇ. ಗೋಡೆಯ ಮೇಲೆ ಪೆನ್ಸಿಲ್ ಗುರುತು ಮಾಡಿ, ಅಲ್ಲಿಂದಲೇ ಹತ್ತು ಸಲ ಬಿಟ್ಟೆ. ಮೊದಲೆರಡು ತೂಗು ಒಂದೇ ಥರ. ಆಮೇಲೆ ಕೆಳಗಿನ ಕಡ್ಡಿ ಒಂದು ಸಲ ಪಲ್ಟಿ ಹೊಡೆಯಿತು. ಇನ್ನೊಂದು ಸಲ ತುದಿಯವರೆಗೆ ಹೋಗಿ, ಒಂದು ಗಳಿಗೆ ತಡೆದು, ವಾಪಸ್ ಬಂತು. ಎರಡು ಸಲ ಒಂದೇ ದಾರಿ ಹಿಡಿಯಲೇ ಇಲ್ಲ. ನಿಯಮ ಅದೇ ನ್ಯೂಟನ್‌ದು. ನನ್ನ ಕೈ ಕೂದಲೆಳೆಯಷ್ಟು ಆಚೀಚೆ ಆಗಿತ್ತು.

1961ರಲ್ಲಿ ಎಡ್ವರ್ಡ್ ಲೊರೆನ್ಜ್ ಅನ್ನುವ ಅಮೆರಿಕದ ವಿಜ್ಞಾನಿ ಹವಾಮಾನದ ಲೆಕ್ಕವನ್ನು ಕಂಪ್ಯೂಟರಿಗೆ ಮತ್ತೆ ಕೊಡುವಾಗ 0.506127 ಬದಲು 0.506 ಅಂತ ಕೊಟ್ಟರು. ಲೆಕ್ಕ ಮುಂದೆ ಹೋದ ಹಾಗೆ ಎರಡು ಉತ್ತರಕ್ಕೂ ಸಂಬಂಧವೇ ಇಲ್ಲದಂತಾಯಿತು. ಗ್ರಹಗಳದೂ ಇದೇ ಕಥೆ. ಹತ್ತು ಕೋಟಿ ವರ್ಷದ ನಂತರ ಭೂಮಿ ತನ್ನ ಕಕ್ಷೆಯಲ್ಲಿ ಎಲ್ಲಿರುತ್ತದೆ ಅಂತ ಲೆಕ್ಕ ಹಾಕಲು ಆಗುವುದಿಲ್ಲ.

"ಅದು ನಿಮ್ಮ ಅಳತೆಯ ದೋಷ, ಲಾಪ್ಲಾಸ್ ಹೇಳಿದ ಬುದ್ಧಿಗೆ ಆ ತೊಂದರೆ ಇಲ್ಲವಲ್ಲ" ಅಂತ ನೀವು ಕೇಳೇ ಕೇಳುತ್ತೀರಿ. ಸರಿಯಾದ ಮಾತು. ನನ್ನನ್ನು ಜಾಸ್ತಿ ಕಾಡುವುದು ಪರಮಾಣು. ಕಾರ್ಬನ್-14 ಅಂತ ಇದೆ, ತಾನಾಗಿಯೇ ಸಾರಜನಕವಾಗಿ ಬದಲಾಗುವ ಒಂದು ಬಗೆಯ ಇಂಗಾಲ. ಅದರ ರಾಶಿಯಲ್ಲಿ 5730 ವರ್ಷಕ್ಕೆ ಸುಮಾರು ಅರ್ಧ ಬದಲಾಗಿರುತ್ತದೆ. ಆದರೆ ಅದರೊಳಗಿನ ಈ ಒಂದು ಪರಮಾಣು ಯಾವಾಗ ಬದಲಾಗುತ್ತದೆ? ನಾಳೆಯೋ, ಇಪ್ಪತ್ತು ಸಾವಿರ ವರ್ಷಕ್ಕೋ? ಪರಮಾಣುಗಳ ನಡತೆ ಹೇಳುವ ಕ್ವಾಂಟಮ್ ನಿಯಮ ಸಂಭವ ಎಷ್ಟು ಅಂತ ಹೇಳಿ ಸುಮ್ಮನಾಗುತ್ತದೆ. ಇದರ ಅರ್ಥ ಏನು ಅನ್ನುವುದರಲ್ಲಿ ದೊಡ್ಡವರಿಗೇ ಇನ್ನೂ ಒಮ್ಮತ ಇಲ್ಲ. ನನಗಂತೂ, ಆ ಉತ್ತರ ಎಲ್ಲೂ ಬರೆದಿಟ್ಟಿಲ್ಲ ಅಂತಲೇ ಅನಿಸುತ್ತದೆ.

ಲೋಲಕದ ವಿಡಿಯೋ ಕಳಿಸುತ್ತೇನೆ. ಪಲ್ಟಿ ಹೊಡೆಯುವ ಮುಂಚೆ ನಿಲ್ಲಿಸಿ, ಅಮ್ಮನನ್ನೂ ಕೂರಿಸಿಕೊಂಡು, ಯಾವ ಕಡೆ ಹೋಗುತ್ತದೆ ಅಂತ ಇಬ್ಬರೂ ಹೇಳಿ ನೋಡಿ. ಭಾನುವಾರ ಫೋನ್ ಮಾಡುತ್ತೇನೆ.

ನಿಮ್ಮ ಮಗಳು