ಆಂಪ್ ಸಿಕ್ಕಿತು, ಆದರೆ ಅಮೆರಿಕದ್ದಲ್ಲ

ಬರ್ಮಿಂಗ್‌ಹ್ಯಾಮ್, ಇಂಗ್ಲೆಂಡ್

ಪ್ರೀತಿಯ ತಮ್ಮಾ,

ಈ ಪತ್ರ ಅಪ್ಪ, ಅವ್ವನಿಗೂ ಓದಿ ಹೇಳು. ಅಪ್ಪನ ರೊಕ್ಕದ ಮಾತೂ ಇದರಲ್ಲಿದೆ, ಅವ್ವನ ನಿದ್ದೆಯ ಮಾತೂ ಇದೆ.

ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್ ಬೇಕು ಅಂತ ನೀನು ಕಳಿಸಿದ ಜಾಹೀರಾತು ನೋಡಿದೆ, ಅಮೆರಿಕದಲ್ಲಿ ಮಾರಾಟಕ್ಕಿರುವ ಬಳಸಿದ ಫೆಂಡರ್ ಬ್ಲೂಸ್ ಜೂನಿಯರ್. ಫೋಟೋ ಚೆನ್ನಾಗಿದೆ, ರೇಟೂ ಕಡಿಮೆ. ಆದರೂ ಬೇಡ ಅಂದೆ, ಅದಕ್ಕೆ ನೀನು ಮುಖ ಊದಿಸಿಕೊಂಡೆ ಅಂತ ಅವ್ವ ಹೇಳಿದಳು. ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಓದಿದ ಅಕ್ಕನ ಮಾತು ಸ್ವಲ್ಪ ಕೇಳು. ಅಮೆರಿಕದ ಮನೆಗಳಿಗೆ ಬರುವುದು 120 ವೋಲ್ಟ್, 60 ಹರ್ಟ್ಜ್. ನಮ್ಮದು 230 ವೋಲ್ಟ್, 50 ಹರ್ಟ್ಜ್. ಮೊಬೈಲ್ ಚಾರ್ಜರ್ ಎರಡಕ್ಕೂ ಒಗ್ಗುತ್ತದೆ. ಗಾಜಿನ ಕೊಳವೆಯಂಥ ವಾಲ್ವ್ ಇರುವ ಇಂಥ ಆಂಪಿನ ಟ್ರಾನ್ಸ್‌ಫಾರ್ಮರ್ ಒಗ್ಗುವುದಿಲ್ಲ. ಅಲ್ಲಿ ಮಾರಲೆಂದೇ ಮಾಡಿದ ಬ್ಲೂಸ್ ಜೂನಿಯರನ್ನು ಧಾರವಾಡದಲ್ಲಿ ನೇರ ಪ್ಲಗ್ಗಿಗೆ ಹಾಕಿದರೆ, ನಸೀಬಿದ್ದರೆ ಫ್ಯೂಸ್ ಹೋಗುತ್ತದೆ, ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರೇ ಸುಡುತ್ತದೆ. ಮಧ್ಯೆ ಒಂದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿಕೊಳ್ಳಬಹುದು, ಸರಿ. ಆದರೆ ಅದು ವೋಲ್ಟೇಜ್ ಇಳಿಸುತ್ತದೆ, 50 ಹರ್ಟ್ಜನ್ನು 60 ಮಾಡುವುದಿಲ್ಲ. 60ಕ್ಕೆ ಅಂತ ಮಾಡಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಜಾಸ್ತಿ ಬಿಸಿಯಾಗುತ್ತದೆ. ಜಪಾನಿನದು ನೋಡಲಾ ಅಂತ ಕೇಳಬೇಡ, ಅಲ್ಲಿ 100 ವೋಲ್ಟ್.

ಇನ್ನು ಕೊರಿಯರ್. ಸುಂಕವನ್ನು ಬರೀ ಸಾಮಾನಿನ ಬೆಲೆಗೆ ಹಾಕುವುದಿಲ್ಲ, ಸಾಗಾಟ, ವಿಮೆ ಎರಡನ್ನೂ ಕೂಡಿಸಿ ಹಾಕುತ್ತಾರೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಬಳಸಿದ ಸಾಮಾನನ್ನು ಹೊರದೇಶದಿಂದ ತರಿಸುವುದಕ್ಕೇ ನಮ್ಮ ಆಮದು ನಿಯಮದಲ್ಲಿ ನಿರ್ಬಂಧವಿದೆ. ಕಸ್ಟಮ್ಸ್‌ನಲ್ಲಿ ಕೂತುಬಿಟ್ಟರೆ ಬಿಡಿಸಿಕೊಂಡು ಬರುವವರು ಯಾರು, ಅಪ್ಪನಾ? ಆ ಮಾರುವವನು ಬೇರೆ, ಸ್ನೇಹಿತರಿಗೆ ಕಳಿಸುವ ಹಾಗೆ ದುಡ್ಡು ಹಾಕಿ ಅನ್ನುತ್ತಿದ್ದ. ಹಾಗೆ ಹಾಕಿದ ದುಡ್ಡಿಗೆ ಖರೀದಿಯ ರಕ್ಷಣೆ ಇರುವುದಿಲ್ಲ. ಅಲ್ಲಿಗೇ ಬಿಟ್ಟೆ.

ಇಲ್ಲಿನ ಕರೆಂಟ್ ನಮ್ಮದೇ ಥರ, 230 ವೋಲ್ಟ್, 50 ಹರ್ಟ್ಜ್. ಹಾಗಾಗಿ ಇಲ್ಲೇ ಹುಡುಕಿದೆ. ನಿನಗಿಷ್ಟದ ವಾಕ್ಸ್ ಎಸಿ15 ಒಂದು ಸಿಕ್ಕಿತ್ತು, ಆದರೆ ಅದರ ತೂಕವೇ ಸುಮಾರು 22 ಕಿಲೋ. ನಾನು ಬರುವ ವಿಮಾನದಲ್ಲಿ ಒಂದು ಬ್ಯಾಗಿಗೆ 23 ಕಿಲೋ ಮಿತಿ. ಸುತ್ತುವ ಥರ್ಮಾಕೋಲ್, ಡಬ್ಬಿ ಸೇರಿದರೆ ಮಿತಿ ದಾಟುತ್ತದೆ. ಕೊನೆಗೆ ತೆಗೆದುಕೊಂಡದ್ದು ಮಾರ್ಷಲ್ ಡಿಎಸ್‌ಎಲ್20, ಸ್ಪೀಕರ್ ಸೇರಿದ ಕಾಂಬೊ. 20 ವ್ಯಾಟ್, 16 ಕಿಲೋ ಚಿಲ್ಲರೆ. 270 ಪೌಂಡ್ ಕೊಟ್ಟೆ, ನಮ್ಮ ರೊಕ್ಕದಲ್ಲಿ 30 ಸಾವಿರ ದಾಟುತ್ತದೆ. ಹೆಸರು ಇಂಗ್ಲೆಂಡಿನದು, ಮಾಡಿದ್ದು ವಿಯೆಟ್ನಾಂನಲ್ಲಿ. ಬೇಜಾರಾಗಬೇಡ, ಕರೆಂಟಿಗೆ ಅದೆಲ್ಲ ಗೊತ್ತಾಗುವುದಿಲ್ಲ.

70ರ ದಶಕದ್ದೇ ಬೇಕು ಅಂತಿದ್ದೆಯಲ್ಲ, ಅದನ್ನು ಬೇಕಂತಲೇ ಬಿಟ್ಟೆ. ಒಳಗೆ ಕರೆಂಟ್ ಹಿಡಿದಿಟ್ಟುಕೊಳ್ಳುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ವರ್ಷಗಳು ಕಳೆದಂತೆ ಒಣಗುತ್ತವೆ. ಅವನ್ನು ಬದಲಿಸದೆ ಅಷ್ಟು ಹಳೇ ಆಂಪ್ ನಂಬುವುದು ಕಷ್ಟ.

ಮಾರಿದವರು ವಯಸ್ಸಾದವರು, ಒಂದು ಕೋಣೆ ತುಂಬ ಗಿಟಾರ್ ಇಟ್ಟಿದ್ದಾರೆ. ಬ್ಲಾಕ್ ಸಬ್ಬಾತ್ ಅನ್ನುವ ರಾಕ್ ಬ್ಯಾಂಡ್ ನಮ್ಮೂರಿನದು ಅಂತ ಬಾಗಿಲಲ್ಲೇ ಶುರು ಮಾಡಿದರು. ಈ ಊರಿನಲ್ಲಿ ಅದನ್ನು ಹೇಳದವರೇ ಇಲ್ಲ, ನಮ್ಮಲ್ಲಿ ಮಲ್ಲಿಕಾರ್ಜುನ ಮನ್ಸೂರರ ಹೆಸರು ಹೇಳುವ ಹಾಗೆ. ನಾನು ಹೋಗುವ ಮುಂಚೆ ಆಂಪ್ ಆನ್ ಮಾಡಬೇಡಿ ಅಂತ ಮೊದಲೇ ಹೇಳಿದ್ದೆ. ತಣ್ಣಗಿರುವಾಗ ಶುರು ಮಾಡಿಸಿದರೇ ಅದರ ನಿಜ ಗುಣ ಗೊತ್ತಾಗುವುದು. ನನಗೆ ಗಿಟಾರ್ ಬರುವುದಿಲ್ಲವಲ್ಲ, ಅವರಿಗೇ ಬಾರಿಸಲು ಹೇಳಿ ನಾನು ಹಿಂದೆ ಬಗ್ಗಿ ನೋಡಿದೆ. ಎರಡು ದೊಡ್ಡ ಇಎಲ್34 ವಾಲ್ವ್. ಒಳಗಿನ ತಂತಿ ಕಿತ್ತಳೆ ಬಣ್ಣಕ್ಕೆ ಹೊಳೆದರೆ ಅದು ಸರಿ. ಸುತ್ತಲಿನ ಲೋಹದ ತಗಡೇ ಕೆಂಪಾದರೆ ಏನೋ ಕೆಟ್ಟಿದೆ ಅಂತ ಅರ್ಥ. ಕೆಂಪಾಗಲಿಲ್ಲ. ಎರಡೂ ಚಾನೆಲ್ ಬಾರಿಸಿದರು. ಒಂದು ನಾಬ್ ತಿರುಗಿಸಿದಾಗ ಕರಕರ ಅಂತು. ಅದು ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೋಗುತ್ತದೆ. ಅದನ್ನೇ ತೋರಿಸಿ 20 ಪೌಂಡ್ ಇಳಿಸಿದೆ. ಅವ್ವನ ಮಗಳಲ್ವಾ! ಚೆನ್ನಾಗಿ ಬಿಸಿಯಾಗುವ ತನಕ ಹೊರಡಲಿಲ್ಲ. ಹಿಂದಿನ ಚೀಟಿಯ ಮೇಲೆ 230 ವೋಲ್ಟ್ ಅಂತಿರುವುದನ್ನೂ ಓದಿಕೊಂಡೇ ದುಡ್ಡು ಕೊಟ್ಟೆ.

ದೀಪಾವಳಿಗೆ ಬರುವಾಗ ನಾನೇ ಲಗೇಜಿನಲ್ಲಿ ತರುತ್ತೇನೆ. ರಸೀದಿ ಬರೆಸಿಕೊಂಡಿದ್ದೇನೆ. ವಿಮಾನದಲ್ಲಿ ಬರುವವರಿಗೆ 2016ರ ಬ್ಯಾಗೇಜ್ ನಿಯಮದಲ್ಲೇ 50,000 ರೂಪಾಯಿವರೆಗೆ ಸುಂಕವಿರಲಿಲ್ಲ, ಇದು ಅದರೊಳಗೇ ಇದೆ. ದೊಡ್ಡ ವಾಲ್ವ್ ಎರಡನ್ನೂ ಬಿಚ್ಚಿ ಕೈಚೀಲದಲ್ಲಿ ಇಟ್ಟುಕೊಳ್ಳುತ್ತೇನೆ. ಯಾವುದು ಯಾವ ಸಾಕೆಟ್ಟಿನದು ಅಂತ ಗುರುತು ಹಾಕಿರುತ್ತೇನೆ. ಅದರದರ ಜಾಗಕ್ಕೇ ಹಾಕಿದರೆ ಬಯಾಸ್, ಅಂದರೆ ವಾಲ್ವಿನಲ್ಲಿ ಹರಿಯುವ ಕರೆಂಟಿನ ಮಟ್ಟ, ಮತ್ತೆ ಹೊಂದಿಸಬೇಕಿಲ್ಲ. ಬೆಂಗಳೂರಿನಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ಗೆ ಬರುತ್ತೇನೆ. ಸ್ಟೇಷನ್ನಿಗೆ ನೀನೇ ಬಾ, ಅಪ್ಪನ ಕೈಲಿ 16 ಕಿಲೋ ಹೊರಿಸಬೇಡ.

ಅಷ್ಟರೊಳಗೆ ನೀನು ಮಾಡಬೇಕಾದ ಮುಖ್ಯ ಕೆಲಸ ಅರ್ಥಿಂಗ್. ನಮ್ಮ ಮನೆ ಹಳೇದು, ನಿನ್ನ ಕೋಣೆಯ ಸಾಕೆಟ್ಟಿನ ಮೂರನೇ ತೂತಿಗೆ ತಂತಿಯೇ ಇಲ್ಲದಿದ್ದರೂ ಆಶ್ಚರ್ಯವಿಲ್ಲ. ಗಿಟಾರಿನ ತಂತಿಗಳು ಆಂಪಿನ ಅರ್ಥಿಗೆ ಸೇರಿರುತ್ತವೆ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಆಂಪಿನಲ್ಲಿ ಏನಾದರೂ ಕೆಟ್ಟರೆ ಷಾಕ್ ಹೊಡೆಯುವುದು ನಿನ್ನ ಬೆರಳಿಗೆ. ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಇಟ್ಟು ನೋಡಿಸು, ಕಣ್ಣಳತೆ ಸಾಲದು. ಪ್ಲಗ್ಗಿನ ಚಿಂತೆ ಬೇಡ. ಆಂಪಿನ ಹಿಂದೆ ಕಂಪ್ಯೂಟರಿನ ಕೇಬಲ್ ಕೂರುವಂಥದ್ದೇ ಜಾಗ ಇದೆ, ಮನೆಯ ಹಳೇ ಕಂಪ್ಯೂಟರಿನ ಮೂರು ಪಿನ್ನಿನ ಕೇಬಲ್ ಸಾಕು. ಕರೆಂಟ್ ಏರಿಳಿತಕ್ಕೆ ಒಂದು ಸ್ಟೆಬಿಲೈಜರ್ ಇರಲಿ.

ಸ್ಪೀಕರ್ ತಂತಿ ಬಿಚ್ಚಿ ಆಂಪ್ ಆನ್ ಮಾಡಬೇಡ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳಾಗುತ್ತದೆ. ಒಳಗಡೆ ಬಿಚ್ಚುವ ಹುಚ್ಚಂತೂ ಬೇಡವೇ ಬೇಡ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಅಪ್ಪಾ, ಇದನ್ನು ನೀವು ಗಟ್ಟಿಯಾಗಿ ಹೇಳಿ. ಅಜ್ಜನ ಮರ್ಫಿ ರೇಡಿಯೋ ರಿಪೇರಿ ಮಾಡುತ್ತಿದ್ದವರು ಹುಬ್ಬಳ್ಳಿಯಲ್ಲಿ ಇನ್ನೂ ಇದ್ದರೆ ವಿಚಾರಿಸಿಡಿ. ಅದೂ ವಾಲ್ವಿನದೇ, ಹಾಕಿದ ತಕ್ಷಣ ಹಾಡುತ್ತಿರಲಿಲ್ಲ, ಕಾಯಬೇಕಿತ್ತು ಅಂತ ನೀವೇ ಹೇಳುತ್ತಿದ್ದಿರಿ.

ಅವ್ವಾ, ಸದ್ದಿನ ವಿಷಯ ಮುಚ್ಚಿಡುವುದಿಲ್ಲ. 20 ವ್ಯಾಟ್ ಅಂದರೆ ಬಲ್ಬಿನ ಲೆಕ್ಕ ಹಾಕಬೇಡ, ಓಣಿಗೆಲ್ಲ ಕೇಳಿಸುತ್ತದೆ. 10 ವ್ಯಾಟ್‌ಗೆ ಇಳಿಸುವ ಸ್ವಿಚ್ ಇದೆ, ಆದರೆ ಸದ್ದು ಅರ್ಧ ಆಗುವುದಿಲ್ಲ, 3 ಡೆಸಿಬೆಲ್, ಅಂದರೆ ಕಿವಿಗೆ ಸ್ವಲ್ಪವೇ, ಕಡಿಮೆಯಾಗುತ್ತದೆ ಅಷ್ಟೆ. ಹಾಗಾಗಿ ನಾಬ್ ನಿನ್ನ ಕೈಯಲ್ಲೇ ಇರಲಿ. ರಾತ್ರಿ ಒಂಬತ್ತಾದ ಮೇಲೆ ಅವನು ಹೆಡ್‌ಫೋನ್ ಹಾಕಿಕೊಳ್ಳಲಿ, ಅದಕ್ಕೂ ಇದರಲ್ಲಿ ಜಾಗ ಇದೆ.

ಅರ್ಥಿಂಗ್ ನೋಡಿಸಿದ ದಿನವೇ ಫೋನ್ ಮಾಡು. ಇಲ್ಲದಿದ್ದರೆ ವಾಲ್ವ್ ನನ್ನ ಕೈಚೀಲದಿಂದ ಹೊರಗೆ ಬರುವುದಿಲ್ಲ.

ನಿನ್ನ ಅಕ್ಕ