ಬೀದರ್ ಸಂಸದರಿಗೊಂದು ಬಹಿರಂಗ ಪತ್ರ: ಅಪ್‌ಲೋಡ್ ವೇಗದ ಬಗ್ಗೆ ಒಮ್ಮೆ ಕೇಳಿ ಸರ್

ಮಾನ್ಯ ಸಂಸದರೇ, ನಮಸ್ಕಾರ.

ನಾನು ಬೀದರ್‌ನಲ್ಲಿ ಮನೆಯಲ್ಲೇ ಕೂತು ಮದುವೆ ವಿಡಿಯೋ ಎಡಿಟಿಂಗ್ ಮಾಡುವವನು. ನನಗೆ ಜಾಸ್ತಿ ಕೆಲಸ ಕೊಡುವ ಸ್ಟುಡಿಯೋದವರು ಹೈದರಾಬಾದಿನಲ್ಲಿದ್ದಾರೆ. ಅರಿಶಿನ, ತಾಳಿ ಕಟ್ಟುವುದು, ಆರತಕ್ಷತೆ ಎಲ್ಲಾ ಸೇರಿ ಒಂದು ಮದುವೆಗೆ 64 ಜಿಬಿ ಸುಲಭವಾಗಿ ಆಗುತ್ತದೆ. ನಾನು ದುಡ್ಡು ಕಟ್ಟುವುದು 100 ಎಂಬಿಪಿಎಸ್ ಪ್ಲಾನ್‌ಗೆ. ಡೌನ್‌ಲೋಡ್ ಚೆನ್ನಾಗಿಯೇ ಬರುತ್ತದೆ, ಅದರ ಬಗ್ಗೆ ದೂರಿಲ್ಲ. ಅಪ್‌ಲೋಡ್ ಮಾತ್ರ 5ರ ಆಸುಪಾಸು.

ಲೆಕ್ಕ ಹಾಕಿ ನೋಡಿ ಸರ್. ಫೈಲ್ ಅಳೆಯುವುದು ಬೈಟ್‌ನಲ್ಲಿ, ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅಂತ, ಒಂದು ಬೈಟ್ ಅಂದರೆ 8 ಬಿಟ್. 5 ಎಂಬಿಪಿಎಸ್ ವೇಗದಲ್ಲಿ 64 ಜಿಬಿ ಕಳಿಸಲು 28 ಗಂಟೆ ಬೇಕು, ಅದೂ ನಡುವೆ ಕರೆಂಟ್ ಹೋಗದೆ ಇದ್ದರೆ. ಬಸ್ ಹತ್ತಿದರೆ ಹೈದರಾಬಾದ್ ಅರ್ಧ ದಿನದ ದಾರಿಯೂ ಅಲ್ಲ. ಅದಕ್ಕೇ ನಾನು ಹಾರ್ಡ್ ಡಿಸ್ಕನ್ನು ಟವೆಲ್‌ನಲ್ಲಿ ಸುತ್ತಿ, ಆ ಕಡೆ ಹೊರಟ ಪರಿಚಯದವರ ಕೈಗೆ ಕೊಟ್ಟು ಕಳಿಸುತ್ತೇನೆ. ಹೋದ ವರ್ಷ ಒಂದು ಡಿಸ್ಕ್ ದಾರಿಯಲ್ಲಿ ಕೆಳಗೆ ಬಿದ್ದು ಕೆಟ್ಟುಹೋಯಿತು. ನನ್ನ ಹತ್ತಿರ ಇನ್ನೊಂದು ಕಾಪಿ ಇತ್ತು, ಆದರೆ ಮತ್ತೆ ಕಳಿಸುವುದರಲ್ಲಿ ಎರಡು ದಿನ ಹೋಯಿತು, ಆ ಸ್ಟುಡಿಯೋದವರು ಮುಂದಿನ ಮೂರು ಮದುವೆಯ ಕೆಲಸ ಹೈದರಾಬಾದಿನ ಹುಡುಗನಿಗೇ ಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಗಿರಾಕಿ ಇರುತ್ತಾರೆ ಅಲ್ವಾ. ಆದರೆ ಕೆಲಸ ಗೊತ್ತಿದ್ದೂ, ಕಂಪ್ಯೂಟರ್ ಇದ್ದೂ, ಬರೀ ಫೈಲ್ ಕಳಿಸಲು ಆಗದೆ ಕೆಲಸ ಕೈ ತಪ್ಪಿತಲ್ಲ, ಅದು ಇವತ್ತಿಗೂ ನೋಯುತ್ತದೆ.

ಮನೆಯವರಿಗೂ ಇದೇ ತೊಂದರೆ. ನಾನು ಫೈಲ್ ಹಾಕಿದರೆ ಮಗಳ ಆನ್‌ಲೈನ್ ಕ್ಲಾಸ್ ನಿಂತುಹೋಗುತ್ತದೆ. ಅವಳು ಪಾಠ ಕೇಳುವುದಷ್ಟೇ, ಅದು ಡೌನ್‌ಲೋಡ್, ಹಾಗಾದರೆ ಯಾಕೆ ನಿಲ್ಲಬೇಕು ಅಂತ ನಾನೂ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ತಿಳಿಯಿತು. ಏನೇ ಇಳಿಸಿಕೊಂಡರೂ, ಬಂದು ಮುಟ್ಟಿತು ಅಂತ ನಮ್ಮ ಕಡೆಯಿಂದ ಚಿಕ್ಕ ಚಿಕ್ಕ ಉತ್ತರಗಳು ವಾಪಸ್ ಹೋಗುತ್ತಿರಬೇಕು. ಹೋಗುವ ದಾರಿ ತುಂಬಿದ್ದರೆ ಆ ಉತ್ತರಗಳೂ ಸಾಲಿನಲ್ಲಿ ನಿಲ್ಲುತ್ತವೆ, ಆಗ ಬರುವುದೂ ನಿಧಾನ. ಅವಳು ಕ್ಯಾಮೆರಾ ಹಾಕಿ ಟೀಚರ್ ಹತ್ತಿರ ಮಾತಾಡಬೇಕಾದರಂತೂ ಕೇಳಲೇಬೇಡಿ. ಹಾಗಾಗಿ ನನ್ನ ಅಪ್‌ಲೋಡ್ ಎಲ್ಲಾ ರಾತ್ರಿ ಹನ್ನೊಂದರ ಮೇಲೆ.

ಇದು ನನ್ನೊಬ್ಬನ ಕಥೆ ಅಲ್ಲ ಸರ್. ನಮ್ಮ ಬಿದ್ರಿ ಕೆಲಸದವರನ್ನೇ ನೋಡಿ. ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸುವ ಕೈಚಳಕವನ್ನು, ಕೋಟೆಯ ಮಣ್ಣಿನಲ್ಲಿ ಅದ್ದಿದಾಗ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುವುದನ್ನು ದೂರದ ಗಿರಾಕಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದರೆ ಅವರು ಬೆಲೆ ಕೊಟ್ಟು ಕೊಳ್ಳುತ್ತಾರೆ. ತೋರಿಸುವುದು ಅಂದರೇನೇ ಅಪ್‌ಲೋಡ್. ಚಿತ್ರ ಒಡೆದೊಡೆದು ಹೋದರೆ ಆ ನಾಜೂಕು ಕೆಲಸ ಅವರಿಗೆ ಹೇಗೆ ಕಾಣಬೇಕು?

ತಾಂತ್ರಿಕವಾಗಿ ಇದು ಆಗದ ಮಾತಲ್ಲ. ನಮ್ಮ ಓಣಿಗೆ ಫೈಬರ್ ಬಂದಿಲ್ಲ, ಮಾಳಿಗೆ ಮೇಲೆ 5ಜಿ ಡಬ್ಬಿ ಕೂರಿಸಿದ್ದಾರೆ. ಅದರಲ್ಲಿ ಒಂದೇ ತರಂಗವನ್ನು ಬರುವುದಕ್ಕೂ ಹೋಗುವುದಕ್ಕೂ ಸಮಯ ಹಂಚಿ ಬಳಸುತ್ತಾರೆ, ದೊಡ್ಡ ಪಾಲು ಬರುವುದಕ್ಕೇ ಹೋಗುತ್ತದೆ. ಫೈಬರ್ ಹಾಗಲ್ಲ. ಮನೆಗಳಿಗೆ ಸಾಮಾನ್ಯವಾಗಿ ಹಾಕುವ ಜಿಪಾನ್ ಫೈಬರ್‌ನಲ್ಲಿ ಡೌನ್‌ಲೋಡ್ ಸುಮಾರು 2.5 ಗಿಗಾಬಿಟ್, ಅಪ್‌ಲೋಡ್ ಸುಮಾರು 1.25 ಗಿಗಾಬಿಟ್, ಅದನ್ನು ಹಲವು ಮನೆಗಳು ಹಂಚಿಕೊಳ್ಳುತ್ತವೆ. ಅಂದರೆ ಅಪ್‌ಲೋಡ್‌ಗೆ ಅರ್ಧದಷ್ಟು ಜಾಗ ಇದೆ. ನನಗೆ ಸಿಗುತ್ತಿರುವುದು ಇಪ್ಪತ್ತರಲ್ಲಿ ಒಂದು ಪಾಲು.

ಸರ್ಕಾರದ ನಿಯಮದಲ್ಲೂ ನಮ್ಮ ಪರ ಏನೂ ಇಲ್ಲ. 2023ರಲ್ಲಿ ಬ್ರಾಡ್‌ಬ್ಯಾಂಡ್‌ನ ವ್ಯಾಖ್ಯೆ ಬದಲಾಯಿಸಿ, ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿದರು. ಆ 2 ಎಂಬಿಪಿಎಸ್ ಡೌನ್‌ಲೋಡ್‌ಗೆ ಮಾತ್ರ. ಅಮೆರಿಕದಲ್ಲಿ 2024ರಲ್ಲಿ ಡೌನ್‌ಲೋಡ್ 100, ಅಪ್‌ಲೋಡ್ 20 ಅಂತ ಎರಡನ್ನೂ ಬರೆದು ಇಟ್ಟರು. ನಮ್ಮಲ್ಲೂ ಅಪ್‌ಲೋಡ್‌ಗೆ ಒಂದು ಅಂಕಿ ಬರಬೇಕು, ಇದನ್ನು ನೀವು ಲೋಕಸಭೆಯಲ್ಲಿ ಕೇಳಬೇಕು. ಟೆಲಿಕಾಂ ಕೇಂದ್ರದ ವಿಷಯ, ಅದಕ್ಕೇ ಶಾಸಕರಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ. ಜೊತೆಗೆ, ಜಾಹೀರಾತಿನಲ್ಲಿ 100 ಅಂತ ದೊಡ್ಡದಾಗಿ ಬರೆಯುವ ಕಂಪನಿಗಳು ಅಪ್‌ಲೋಡ್ ಎಷ್ಟು ಅಂತಲೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯುವಂತೆ ಮಾಡಿಸಿ. ಗೊತ್ತಿದ್ದರೆ ನಾನು ಈ ಪ್ಲಾನ್ ಹಾಕಿಸುತ್ತಲೇ ಇರಲಿಲ್ಲ.

ಇನ್ನೊಂದು ಕೆಲಸಕ್ಕೆ ನೀವು ದೆಹಲಿ ತನಕ ಹೋಗಬೇಕಾಗಿಲ್ಲ. ಜಿಲ್ಲೆಯಲ್ಲಿ ಕೇಂದ್ರದ ಯೋಜನೆಗಳ ಕೆಲಸ ಪರಿಶೀಲಿಸುವ ದಿಶಾ ಸಭೆಗೆ ಸಂಸದರೇ ಅಧ್ಯಕ್ಷರು. ಹಳ್ಳಿ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಭಾರತ್‌ನೆಟ್‌ ಯೋಜನೆಗೆ 2023ರಲ್ಲಿ ಕೇಂದ್ರ ಸಂಪುಟ 1.39 ಲಕ್ಷ ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಔರಾದ್, ಭಾಲ್ಕಿ, ಬಸವಕಲ್ಯಾಣ, ಹುಮನಾಬಾದ್‌ನ ಹಳ್ಳಿಗಳಲ್ಲಿ, ನಿಮ್ಮದೇ ಕ್ಷೇತ್ರದ ಆಳಂದ, ಚಿಂಚೋಳಿಯಲ್ಲಿ ಪಂಚಾಯಿತಿ ಕಟ್ಟಡದಿಂದ ಆಚೆ ಎಷ್ಟು ಮನೆಗೆ ಫೈಬರ್ ಹೋಗಿದೆ, ಅಲ್ಲಿ ಅಪ್‌ಲೋಡ್ ಎಷ್ಟು ಬರುತ್ತಿದೆ ಅಂತ ಅಧಿಕಾರಿಗಳನ್ನು ಕೇಳಿ. ಸುಮ್ನೆ ಕೆಲಸ ನಡೆದಿದೆ ಅಂದರೆ ಬಿಡಬೇಡಿ, ಅಳತೆ ಮಾಡಿದ ಅಂಕಿ ತರಿಸಿ.

ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ಬಂದು ಹತ್ತು ವರ್ಷ ದಾಟಿತು. ಅದರಿಂದ ಕೆಲಸ ಸಿಕ್ಕವರು ನಮ್ಮ ಬಂಧುಬಳಗದಲ್ಲೂ ಇದ್ದಾರೆ. ಆದರೆ ನನ್ನಂಥವರು ಸರ್ಕಾರಿ ನೌಕರಿ ಕೇಳುತ್ತಿಲ್ಲ. ಇರುವ ಕೆಲಸವನ್ನು ಇದೇ ಊರಲ್ಲಿ, ಅಪ್ಪ ಅಮ್ಮನ ಜೊತೆ ಇದ್ದು ಮಾಡುತ್ತೇವೆ ಅನ್ನುತ್ತಿದ್ದೇವೆ. 50 ಎಂಬಿಪಿಎಸ್ ಅಪ್‌ಲೋಡ್ ಸಿಕ್ಕರೂ ಆ 28 ಗಂಟೆಯ ಕೆಲಸ ಮೂರು ಗಂಟೆಯೊಳಗೆ ಮುಗಿಯುತ್ತದೆ.

ನಮ್ಮ ಮನೆಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಷ್ಟೆಷ್ಟು ವೇಗ ಬರುತ್ತದೆ ಅಂತ ಒಂದು ನೋಟ್‌ಬುಕ್‌ನಲ್ಲಿ ದಿನಾ ಬರೆದಿಡುತ್ತಿದ್ದೇನೆ, ಓಣಿಯ ಇನ್ನೂ ನಾಲ್ಕು ಮನೆಯವರು ಬರೆಯಲು ಒಪ್ಪಿದ್ದಾರೆ. ಮುಂದಿನ ದಿಶಾ ಸಭೆಗೆ ಮೊದಲು ನಿಮ್ಮ ಬೀದರ್ ಕಚೇರಿಗೆ ಅದನ್ನು ತಂದು ಕೊಡುತ್ತೇನೆ. ಹತ್ತು ನಿಮಿಷ ಸಮಯ ಕೊಡಿ ಸರ್.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ, ಬೀದರ್