ಕೇಸ್ ಶೀಟ್ ಕೊಡಿಸಿ: ಕಲಬುರಗಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಮಿನಿ ವಿಧಾನಸೌಧದ ಟಪಾಲು ಕಿಟಕಿಯಲ್ಲಿ ನನ್ನ ಮೂರು ಅರ್ಜಿಗಳಿಗೆ ಸೀಲು ಬಿದ್ದಿದೆ. ಸೀಲು ಚೆನ್ನಾಗಿ ಮೂಡಿದೆ, ಆ ಬಗ್ಗೆ ದೂರಿಲ್ಲ. ಕಿಟಕಿಯಿಂದ ಒಳಗೆ ಹೋದ ಮೇಲೆ ಅವು ಏನಾದವು ಅನ್ನೋದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ. ಅದಕ್ಕೇ ಈಗ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಕೇಳೋದು ಒಂದೇ. ನನ್ನ ಮಗನ ಕೇಸ್ ಶೀಟ್, ಅಂದರೆ ದವಾಖಾನೆಯಲ್ಲಿ ಅವನ ಚಿಕಿತ್ಸೆ ಬರೆದಿಟ್ಟ ದಾಖಲೆ, ಕೊಡಿಸಿ.

ಹೋದ ವರ್ಷ ಶ್ರಾವಣದಲ್ಲಿ ಒಂಬತ್ತು ವರ್ಷದ ಮಗ ಮಾಳಿಗೆ ಮೆಟ್ಟಿಲಿನಿಂದ ಬಿದ್ದ. ಬಲಗೈ ಎಲುಬು ಮುರಿದಿತ್ತು. ಜೇವರ್ಗಿ ಕಡೆಯ ನಮ್ಮ ಹಳ್ಳಿಯಿಂದ ಕಲಬುರಗಿಯ ಒಂದು ಖಾಸಗಿ ದವಾಖಾನೆಗೆ ಕರೆತಂದೆವು. ಡಾಕ್ಟರ್ ಎಲುಬು ಕೂಡಿಸಿ, ಪ್ಲಾಸ್ಟರ್ ಹಾಕಿ, ಸಂಜೆ ಏಳಕ್ಕೆ ಮನೆಗೆ ಹೋದರು. ರಾತ್ರಿ ಹತ್ತಕ್ಕೆ ಹುಡುಗ ಅಳೋಕೆ ಶುರು ಮಾಡಿದ. “ಅಪ್ಪಾ, ಬೆರಳು ಭಾಳ ಉರಿಲಿಕತ್ತಾವ” ಅಂದ. ಸಿಸ್ಟರ್‌ಗೆ ಹೇಳಿದೆ. “ಎಲುಬು ಮುರದದ, ಅಷ್ಟು ನೋವು ಇರ್ತದ” ಅಂತ ಇಂಜೆಕ್ಷನ್ ಕೊಟ್ಟರು. ಹನ್ನೆರಡಕ್ಕೆ ಬೆರಳು ಊದಿದ್ದವು. ಡಾಕ್ಟರಿಗೆ ಫೋನ್ ಮಾಡ್ರಿ ಅಂತ ಬೇಡಿಕೊಂಡೆ. “ಮುಂಜಾನೆ ರೌಂಡ್ಸಿಗೆ ಬರ್ತಾರ” ಅಂದರು. ಎರಡೂವರೆಗೆ ಬೆರಳು ನೀಲಿ, ಮುಟ್ಟಿದರೆ ತಣ್ಣಗೆ. ಆಗ ಹುಡುಗ ಅಳೋದು ನಿಲ್ಲಿಸಿದ್ದ. ನಾನು ದಡ್ಡ, ನೋವು ಕಡಿಮೆ ಆಯ್ತು ಅಂದುಕೊಂಡೆ.

ಬೆಳಿಗ್ಗೆ ಒಂಬತ್ತೂವರೆಗೆ ಡಾಕ್ಟರ್ ಬಂದರು. ಪ್ಲಾಸ್ಟರ್ ಬಿಚ್ಚಿ, ನಮ್ಮ ಮುಖ ನೋಡದೆ, ಸೊಲ್ಲಾಪುರಕ್ಕೆ ಬರೆದುಕೊಟ್ಟರು. ಬಿಲ್ ಕಟ್ಟುವ ತನಕ ಬಿಡಲಿಲ್ಲ. ಆ ಬಿಲ್ಲಿನಲ್ಲಿ ಪ್ಲಾಸ್ಟರ್ ತೆಗೆದಿದ್ದಕ್ಕೆ ಬೇರೆ 600 ರೂಪಾಯಿ ಹಾಕಿದ್ದರು ಸಾಹೇಬ್ರೇ. ರಾತ್ರಿಯೆಲ್ಲಾ ಬೇಡಿದರೂ ಮಾಡದ ಕೆಲಸಕ್ಕೆ! ಸೊಲ್ಲಾಪುರದಲ್ಲಿ ಮೂರನೇ ದಿನ ಮೊಣಕೈ ಕೆಳಗೆ ಕೈ ತೆಗೆದರು. ಊತ ಬಂದು ಒಳಗೆ ರಕ್ತದ ಓಡಾಟ ನಿಂತಿದೆ, ಪ್ಲಾಸ್ಟರ್ ರಾತ್ರಿಯೇ ಬಿಚ್ಚಬೇಕಿತ್ತು ಅಂದರು. ಅದನ್ನೇ ಬರೆದುಕೊಡಿ ಅಂದರೆ ಸುಮ್ಮನಾದರು.

ಈಗ ಅವನು ಎಡಗೈಯಲ್ಲಿ ಅಕ್ಷರ ತಿದ್ದುತ್ತಾನೆ. ಊಟಕ್ಕೆ ಕೂತರೆ ತಟ್ಟೆ ಜಾರುತ್ತದೆ, ರೊಟ್ಟಿ ಮುರಿಯೋಕೆ ಆಗಲ್ಲ. ಅವನ ತಂಗಿ ಎದುರಿಗೆ ಕೂತು ತಟ್ಟೆ ಹಿಡಿದುಕೊಳ್ಳುತ್ತಾಳೆ.

ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. 2002ರ ವೈದ್ಯರ ನಡವಳಿಕೆ ನಿಯಮದಲ್ಲಿದೆ, ನಿಮಗೆ ನಾನು ಹೇಳಬೇಕಾಗಿಲ್ಲ. ನಾನು ಕೇಳಿ ಹದಿನಾಲ್ಕು ತಿಂಗಳಾಯಿತು. ಒಮ್ಮೆ ಕಂಪ್ಯೂಟರ್ ಕೆಟ್ಟಿದೆ ಅಂದರು, ಒಮ್ಮೆ ಫೈಲು ಆಡಿಟ್‌ಗೆ ಹೋಗಿದೆ ಅಂದರು. ಬಿಲ್ ಮಾತ್ರ ಎರಡು ನಿಮಿಷಕ್ಕೆ ಪ್ರಿಂಟ್ ಆಗಿತ್ತು.

ಆ ಕಾಗದ ಇಲ್ಲದೆ ನಾನು ಎಲ್ಲಿ ಹೋಗಲಿ? ಪೊಲೀಸರು, ಡಾಕ್ಟರ್ ಮೇಲೆ ಸುಮ್ನೆ ಕೇಸ್ ಹಾಕೋಕೆ ಬರಲ್ಲ, ಇನ್ನೊಬ್ಬ ಡಾಕ್ಟರ್ ಅಭಿಪ್ರಾಯ ಬೇಕು, 2005ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಅಂದರು. ಸರಿ ಅಂತ ಸರ್ಕಾರಿ ಡಾಕ್ಟರ್ ಹತ್ತಿರ ಹೋದೆ. ಕೇಸ್ ಶೀಟ್ ತನ್ನಿ ಅಂದರು. ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಆಫೀಸಿನಲ್ಲಿ, ನಿರ್ಲಕ್ಷ್ಯದ ವಿಚಾರ ಬೆಂಗಳೂರಿನ ಮೆಡಿಕಲ್ ಕೌನ್ಸಿಲ್‌ಗೆ ಬರೀರಿ ಅಂದರು. ಅಲ್ಲಿಗೆ ಕಳಿಸಲು ಏನು ಬೇಕು? ಕೇಸ್ ಶೀಟ್. ವಕೀಲರು ಗ್ರಾಹಕರ ಆಯೋಗ ಅಂದರು. ಅಲ್ಲಿಗೂ ಮೊದಲು ಅದೇ ಬೇಕಂತೆ. ಆಯೋಗಕ್ಕೆ ಹೋಗಲು ಘಟನೆ ಆದಾಗಿನಿಂದ ಎರಡು ವರ್ಷದ ಗಡುವಿದೆ. ನನಗೆ ಉಳಿದಿರೋದು ಎಂಟು ತಿಂಗಳು. ದವಾಖಾನೆಯವರಿಗೂ ಈ ಲೆಕ್ಕ ಬರುತ್ತದೆ ಅನ್ನೋದೇ ನನ್ನ ಅನುಮಾನ.

ತಪ್ಪು ಡಾಕ್ಟರದೇ ಅಂತ ನಾನು ತೀರ್ಪು ಕೊಡುತ್ತಿಲ್ಲ. ರಾತ್ರಿ ಹತ್ತಕ್ಕೆ, ಹನ್ನೆರಡಕ್ಕೆ, ಎರಡೂವರೆಗೆ ಅವರು ಏನು ಬರೆದಿದ್ದಾರೋ ಅದು ನನಗೆ ಬೇಕು. ಏನೂ ಬರೆದಿಲ್ಲ ಅಂದರೆ ಆ ಖಾಲಿ ಹಾಳೆಯನ್ನೇ ಕೊಡಲಿ.

2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದಾಗ ರಾಜ್ಯದ ಖಾಸಗಿ ಡಾಕ್ಟರುಗಳು ಮುಷ್ಕರ ಹೂಡಿದ್ದರು. ಕಾಯ್ದೆ ಅಷ್ಟು ಖಡಕ್ ಇರಬೇಕು ಅಂತ ಆಗ ನಂಬಿದ್ದೆ. ಅದೇ ಕಾಯ್ದೆಯ ರೋಗಿಗಳ ಹಕ್ಕಿನ ಬೋರ್ಡು ಆ ದವಾಖಾನೆಯಲ್ಲಿ ಮೀನಿನ ತೊಟ್ಟಿಯ ಹಿಂದೆ ತೂಗುತ್ತಿದೆ. ಮೀನುಗಳು ಓದುತ್ತವೇನೋ. ಜಿಲ್ಲೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ನೀವೇ ಅಧ್ಯಕ್ಷರು, ಡಿಎಚ್‌ಒ ಕಾರ್ಯದರ್ಶಿ. ದವಾಖಾನೆಯ ನೋಂದಣಿ ನಿಮ್ಮ ಕೈಯಲ್ಲೇ ಇದೆ. ಒಂದು ನೋಟಿಸ್ ಸಾಕು ಅಲ್ವಾ?

ಪರಿಹಾರದ ಮಾತು ಆಮೇಲೆ. ಮೊದಲು ಕೇಸ್ ಶೀಟ್ ಕೊಡಿಸಿ. ನರ್ಸ್ ಬರೆದ ರಾತ್ರಿ ಹಾಳೆಗಳ ಸಮೇತ, ಎಲ್ಲ ಪುಟ ಕೊಡಿಸಿ.

ಸೋಮವಾರ ನಾಲ್ಕನೇ ಅರ್ಜಿ ತರುತ್ತೇನೆ. ಈ ಸಲ ಟಪಾಲು ಕಿಟಕಿಗೆ ಕೊಡಲ್ಲ, ನಿಮ್ಮ ಕೈಗೇ ಕೊಡಬೇಕು. ಮಗನೂ ಜೊತೆಗೆ ಇರುತ್ತಾನೆ. ಐದು ನಿಮಿಷ ಒಳಗೆ ಬಿಡಲು ಬಾಗಿಲಲ್ಲಿರುವ ಜವಾನರಿಗೆ ಹೇಳಿಡಿ.

ಇಂತಿ,
ಜೇವರ್ಗಿ ತಾಲ್ಲೂಕಿನ ಒಬ್ಬ ರೈತ